ತೂಕದ ಪುಸ್ತಕದ ಹಿಂದಿನ ಪುಟಗಳು

ಮಾರ್ಚ್ ೧೯, ಬುಧವಾರ

ಈ ಪುಸ್ತಕದ ಮೊದಲರ್ಧದಲ್ಲಿ ಹಕ್ಕಿಗಳ ತೂಕವಿದೆ. ಹಿಂದಿನ ಪುಟಗಳು ಖಾಲಿ. ನನ್ನ ಹೆಂಡತಿ ಝಾಝಿಯಾ ಇಲ್ಲಿಗೆ ತಿರುಗಿಸಿ ನೋಡುವುದಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಯಾರಿಗಾದರೂ ಹೇಳಿಕೊಳ್ಳಬೇಕು, ಹೇಳಿಕೊಳ್ಳಲು ಯಾರೂ ಇಲ್ಲ. ಮದುವೆಯಾದ ಇಪ್ಪತ್ತೈದು ವರ್ಷ ನಾನು ಎಲ್ಲವನ್ನೂ ಹೇಳಿಕೊಂಡದ್ದು ಅವಳ ಹತ್ತಿರ. ಅವಳ ಮೇಲಿನ ದೂರನ್ನು ಅವಳ ಹತ್ತಿರವೇ ಹೇಗೆ ಹೇಳಲಿ?

ಬೆಳಗ್ಗೆ ನಾಲ್ಕು ಚಮಚ ಗಂಜಿ. ಮಧ್ಯಾಹ್ನ ಎರಡು ಚಮಚ ಮೊಸರು. ಸಂಜೆ ಬಾಯಿಯನ್ನೇ ತೆರೆಯಲಿಲ್ಲ.

ಸ್ಫಾಕ್ಸ್‌ ನಗರದ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ನೋಡಿ, ಒಳಗೆ ಏನನ್ನೂ ಮುಟ್ಟದೆ ಹಾಗೆಯೇ ಹೊಲಿದು ಕಳಿಸಿ ಮೂರು ವಾರವಾಯಿತು. ಡಾಕ್ಟರು ನನ್ನನ್ನು ಹೊರಗೆ ಕರೆದು ತುಂಬ ಮಾತನಾಡಿದರು. ನನಗೆ ನೆನಪಿರುವುದು ಒಂದೇ: ಆದಷ್ಟು ಶಕ್ತಿ ಬರುವಂಥದ್ದು ತಿನ್ನಿಸಿ. ಅಷ್ಟು ಸಾಕು. ತಿನ್ನಿಸುವುದು ನನಗೆ ಗೊತ್ತಿರುವ ಕೆಲಸ. ಐವತ್ತೆರಡು ಖರ್ಜೂರದ ಮರಗಳನ್ನು ಮರಳಿನ ಬಾಯಿಂದ ಉಳಿಸಿಕೊಂಡವನು ನಾನು. ಒಬ್ಬ ಹೆಂಗಸನ್ನು ಉಳಿಸಿಕೊಳ್ಳಲಾರೆನೆ?

ಖರ್ಜೂರದ ಪೆಟ್ಟಿಗೆ ತೂಗುವ ತಕ್ಕಡಿಯ ಮೇಲೆ ಅವಳನ್ನು ನಿಲ್ಲಿಸಿದೆ.

"ಯಾವ ದರ್ಜೆ ಖರ್ಜೂರ ನಾನು?" ಎಂದು ಕೇಳಿದಳು.

"ಒಂದನೇ ದರ್ಜೆ."

"ಸುಳ್ಳ. ಹೀಗೆ ಒಣಗಿದ್ದನ್ನ ಮೇಕೆಗೆ ಹಾಕ್ತಾರೆ."

ನಲವತ್ತೊಂದು ಕಿಲೋ. ತಿಂಗಳು ಮುಗಿಯುವುದರೊಳಗೆ ನಲವತ್ತೈದು ಮಾಡುತ್ತೇನೆ. ಬರೆದಿಟ್ಟಿದ್ದೇನೆ.


ಮಾರ್ಚ್ ೨೧, ಶುಕ್ರವಾರ

ಮರಳುಗಾಡು ದಾಟಿ ಬರುವ ಹಕ್ಕಿಗಳನ್ನು ಪ್ರತಿ ವಸಂತದಲ್ಲೂ ಹಿಡಿದು ತೂಗಿ ಬಿಡುತ್ತಾಳೆ; ಈಗಲೂ ಬಲೆ ಕಟ್ಟಬೇಕು ಎಂದು ಹಟ ಹಿಡಿದಳು. ಈ ವರ್ಷ ಬೇಡ ಎಂದೆ. "ನಂಗೆ ಕಾಯಿಲೆ ಬಂದಿದೆ, ಹಕ್ಕಿಗಳಿಗಲ್ಲವಲ್ಲ" ಎಂದಳು. ಬೆಳಗಿನ ಜಾವ ಎದ್ದು ತೋಟದ ತೆಂಕಣ ಅಂಚಿನಲ್ಲಿ ಮೂರು ಬಲೆ ಕಟ್ಟಿದೆ. ದಾಳಿಂಬೆ ಗಿಡದ ಕೆಳಗೆ ಅವಳಿಗೆ ಮಂಚ ಹಾಕಿದೆ. ಬಲೆಗೆ ಬಿದ್ದವನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಬಂದು ಕೊಟ್ಟೆ.

ಆಮೇಲೆ ನಡೆದದ್ದನ್ನು ನೋಡಬೇಕಿತ್ತು. ಚಮಚ ಹಿಡಿದರೆ ನಡುಗುವ ಕೈ ಹಕ್ಕಿ ಹಿಡಿದ ಕೂಡಲೇ ಗಟ್ಟಿಯಾಯಿತು. ಸಣ್ಣ ಉಲಿಯಕ್ಕಿ, ಹೆಬ್ಬೆರಳಿನಷ್ಟು ದಪ್ಪ. ಎದೆಯ ಪುಕ್ಕದ ಮೇಲೆ ಉಫ್ ಎಂದು ಊದಿದಳು. ಪುಕ್ಕ ಸರಿದು ಚರ್ಮ ಕಂಡಿತು. ಹೊರಟಾಗ ಅಲ್ಲಿ ಹಳದಿ ಕೊಬ್ಬು ತುಂಬಿರುತ್ತದೆ. ಈಗ ಏನೂ ಇಲ್ಲ, ಒಳಗಿನ ಕೆಂಪು ಕಾಣುತ್ತದೆ.

"ಆರೂವರೆ ಗ್ರಾಂ," ಎಂದಳು. "ಬರ್ಕೋ. ಮರಳಿನ ಆ ಕಡೆ ಬಿಟ್ಟಾಗ ಇದು ಹನ್ನೊಂದು ಇದ್ದಿರಬೇಕು. ಹೆಚ್ಚು ಕಡಿಮೆ ಅರ್ಧ ಮೈಯನ್ನ ದಾರೀಲಿ ಸುಟ್ಕೊಂಡು ಬಂದಿದೆ."

"ನೀರು?"

"ಕೊಬ್ಬು ಸುಟ್ರೆ ನೀರು ಬರುತ್ತೆ ಅಂತ ನಿಂಗೆ ಎಷ್ಟು ಸಲ ಹೇಳಿದೀನಿ? ಬುತ್ತೀನೂ ಅದೇ, ಬಿಂದಿಗೇನೂ ಅದೇ."

ನನಗೆ ಗೊತ್ತಿತ್ತು. ಅವಳ ಬಾಯಿಂದ ಕೇಳಬೇಕು ಅನ್ನಿಸಿತ್ತು. ಮೊದಲ ಸಲ ಇದನ್ನು ಹೇಳಿದಾಗ ಅವಳು ಗಾಬೆಸ್‌ ಪಟ್ಟಣದಿಂದ ಹೊಸದಾಗಿ ಬಂದ ವಿಜ್ಞಾನದ ಟೀಚರು, ನಾನು ಆರನೇ ತರಗತಿ ಓದಿ ಬಿಟ್ಟ ಮರ ಹತ್ತುವವನು. ಬಲೆಗೆ ಕಂಬ ನೆಡಲು ಆಳು ಬೇಕು ಎಂದು ತೋಟಕ್ಕೆ ಬಂದಿದ್ದಳು. ಬೆರಳುದ್ದದ ಹಕ್ಕಿ ಅಷ್ಟು ಮರಳು ದಾಟುತ್ತದೆ ಎಂದರೆ ನಾನು ಬಿದ್ದು ಬಿದ್ದು ನಕ್ಕೆ. "ನಗಬೇಡ, ಕಂಬ ನೆಟ್ಟಗೆ ಹಿಡಿ" ಎಂದಿದ್ದಳು.

ಇವತ್ತು ಹದಿನಾಲ್ಕು ಹಕ್ಕಿ. ಐದು ಚಮಚ.


ಮಾರ್ಚ್ ೨೪, ಸೋಮವಾರ

ಹಕ್ಕಿ ಒಂಬತ್ತು. ಗಂಜಿ ಮೂರು ಚಮಚ, ಅದರಲ್ಲಿ ಒಂದು ಆಚೆ ಬಂತು. ಮೊಟ್ಟೆ ಬೇಯಿಸಿ ಕಿವುಚಿ ಕೊಟ್ಟೆ, ವಾಸನೆಗೇ ಮುಖ ತಿರುಗಿಸಿದಳು. ನಲವತ್ತು ಕಿಲೋ.

ಮನಸ್ಸು ಮಾಡುತ್ತಿಲ್ಲ ಅವಳು. ಮನಸ್ಸು ಮಾಡಿದರೆ ತಿನ್ನಬಹುದು.


ಮಾರ್ಚ್ ೨೭, ಗುರುವಾರ

ಇಬ್ತಿಸಾಮ್ ಫೋನ್ ಮಾಡಿದ್ದಳು. ನಮ್ಮ ಒಬ್ಬಳೇ ಮಗಳು, ಸ್ಫಾಕ್ಸ್‌ನಲ್ಲಿ ನರ್ಸು. ತಾಯಿಯ ಗಂಟಲೂ ತಾಯಿಯ ಹಟವೂ ಅವಳಿಗೆ ಬಂದಿದೆ.

"ಎಷ್ಟು ತಿಂದ್ಳು?"

ಹೇಳಿದೆ.

"ಬಾಬಾ, ಅಷ್ಟರಲ್ಲಿ ಒಂದು ಬೆಕ್ಕೂ ಬದುಕಲ್ಲ. ಅವಳನ್ನ ಉಪವಾಸ ಕೆಡವಿ ಸಾಯಿಸ್ತಿದ್ದೀಯ ನೀನು."

"ಬಾಯಿ ತೆಗೀಬೇಕಲ್ಲ, ಮಗಳೇ."

"ಬಾಯಿ ಯಾಕೆ ಬೇಕು? ಮೂಗಿನಿಂದ ನಳಿಗೆ ಹಾಕ್ತಾರೆ, ಸೀದಾ ಕರುಳಿಗೆ ಹೋಗುತ್ತೆ. ನಾನೇ ಹಾಸಿಗೆ ಗೊತ್ತು ಮಾಡ್ತೀನಿ. ಹನ್ನೆರಡನೇ ತಾರೀಕು ಗಾಡಿ ತಗೊಂಡು ಬರ್ತೀನಿ. ಅವಳಿಗೆ ಈಗಲೇ ಹೇಳ್ಬೇಡ, ರಂಪ ಮಾಡ್ತಾಳೆ."

ಒಪ್ಪಿದೆ. ಯಾಕೆ ಒಪ್ಪಬಾರದು? ನಾಲ್ಕು ಗಂಟೆಯ ದಾರಿ. ಹಿಂದಿನ ಸೀಟಿನಲ್ಲಿ ಹಾಸಿಗೆ ಹಾಕಿದರಾಯಿತು. ಫೋನ್ ಇಟ್ಟು ಹೊರಗೆ ಬಂದರೆ ಝಾಝಿಯಾ ಮಂಚದಿಂದಲೇ ಕೇಳಿದಳು: "ಏನಂತೆ?"

"ಕ್ಷೇಮವಾ ಅಂತ ಕೇಳಿದ್ಳು."

"ಅಷ್ಟು ಹೊತ್ತು?"

ಖರ್ಜೂರದ ಮರಗಳಿಗೆ ಕಾಯಿ ಕಚ್ಚಲು ಗಂಡುಹೂ ಕಟ್ಟುವುದಿದೆ ಎಂದು ಹೊರಟುಬಿಟ್ಟೆ.


ಮಾರ್ಚ್ ೩೦, ಭಾನುವಾರ

ಇವತ್ತು ನಡೆದದ್ದಕ್ಕೆ ನಾನೇ ಹೊಣೆ ಎಂದು ಅವಳು ಹೇಳುತ್ತಾಳೆ. ನಾನು ಒಪ್ಪುವುದಿಲ್ಲ.

ಹುರಿಹಿಟ್ಟನ್ನು ನುಣ್ಣಗೆ ಸೋಸಿ, ಎಣ್ಣೆ ಬೆರೆಸಿ, ಸಕ್ಕರೆ ಜಾಸ್ತಿ ಹಾಕಿ, ಅವಳ ಪುದೀನಾ ಚಹಾದಲ್ಲಿ ಕದಡಿ ಕೊಟ್ಟೆ. ಚಹಾ ಯಾಕೆ ದಪ್ಪಗಿದೆ ಎಂದಳು. ಸಕ್ಕರೆ ಎಂದೆ. ನನ್ನ ಮುಖ ನೋಡಿ ಅರ್ಧ ಲೋಟ ಕುಡಿದಳು. ಇಡೀ ದಿನದ ಊಟ ಅದರಲ್ಲಿ ಹೋಯಿತು ಎಂದು ನಾನು ಒಳಗೊಳಗೇ ಹಿಗ್ಗಿದೆ.

ಒಂದು ಗಂಟೆಯಾದ ಮೇಲೆ ಶುರುವಾಯಿತು. ಕುಡಿದದ್ದೆಲ್ಲ ಹೋಗಿ, ಆಮೇಲೆ ಹಸಿರು ನೀರು, ಆಮೇಲೆ ಬರಿಯ ಸೆಳೆತ. ಬೆನ್ನು ಹಿಡಿದುಕೊಂಡಿದ್ದೆ. ಬೆನ್ನುಮೂಳೆಯ ಒಂದೊಂದು ಗಂಟೂ ಅಂಗೈಗೆ ತಾಗುತ್ತಿತ್ತು.

ಸುಧಾರಿಸಿಕೊಂಡ ಮೇಲೆ ಹೇಳಿದಳು: "ನಂಗೆ ಎಷ್ಟು ಬೇಕಾದ್ರೂ ಸುಳ್ಳು ಹೇಳು, ತಿಜಾನಿ. ಅಭ್ಯಾಸ ಇದೆ. ನನ್ನ ಹೊಟ್ಟೆಗೆ ಹೇಳ್ಬೇಡ."

"ಮತ್ತೇನು ಮಾಡ್ಲಿ? ಕೈ ಕಟ್ಕೊಂಡು ನೋಡ್ತಾ ಕೂತ್ಕೊಳ್ಳಾ?"

"ಹೂಂ."

"ಅದು ನನ್ನಿಂದ ಆಗಲ್ಲ."

"ಗೊತ್ತು," ಎಂದಳು. ಆಮೇಲೆ ಸಂಜೆಯವರೆಗೂ ನನ್ನೊಡನೆ ಮಾತಿಲ್ಲ. ಹಕ್ಕಿಗಳೊಡನೆ ಮಾತ್ರ ಮಾತು.

ತೂಗಲಿಲ್ಲ. ತಕ್ಕಡಿ ಹತ್ತಲು ಅವಳು ಒಪ್ಪಲಿಲ್ಲ.


ಏಪ್ರಿಲ್ ೩, ಗುರುವಾರ

ಎರಡು ದಿನ ಶೆಹಿಲಿ ಬೀಸಿತು. ತೆಂಕಣದ ಬಿಸಿಗಾಳಿ, ಹೊರಗೆ ನಿಂತರೆ ಹಲ್ಲಿನ ಸಂದಿಯಲ್ಲೆಲ್ಲ ಮರಳು. ಇವತ್ತು ಬೆಳಗ್ಗೆ ಗಾಳಿ ನಿಂತಾಗ ತೋಟದ ತುಂಬ ಹಕ್ಕಿ. ಬಲೆ ಬೇಕಾಗಿರಲಿಲ್ಲ. ಗೋಡೆಯ ನೆರಳಿನಲ್ಲಿ, ನೀರಿನ ಕಾಲುವೆಯ ಪಕ್ಕದಲ್ಲಿ, ಮೇಕೆಯ ಕಾಲ ಕೆಳಗೆ ಕೂಡ ಕೂತಿದ್ದವು. ಕವಲುತೋಕೆಗಳು ಒಂದಕ್ಕೊಂದು ಅಂಟಿಕೊಂಡು ಹಗ್ಗದ ಮೇಲೆ ಸಾಲಾಗಿ ಕಣ್ಣು ಮುಚ್ಚಿದ್ದವು. ಹತ್ತಿರ ಹೋದರೂ ಹಾರಲಿಲ್ಲ.

ಕಾಲುವೆಯ ಹತ್ತಿರ ಒಂದು ಕೆಂಪುಬಾಲದ ಹಕ್ಕಿ ಮಗ್ಗುಲಾಗಿ ಬಿದ್ದಿತ್ತು. ಎತ್ತಿದೆ. ಎದೆಯ ಮೂಳೆ ಚಾಕುವಿನ ಬಾಯಿಯ ಹಾಗೆ ಬೆರಳಿಗೆ ಕೊರೆಯಿತು. ಕಣ್ಣು ಮಾತ್ರ ಹೊಳೆಯುತ್ತಿತ್ತು. ಝಾಝಿಯಾ ನಿದ್ದೆಯಲ್ಲಿದ್ದಳು. ಇಂಥವಕ್ಕೆ ಏನು ಮಾಡಬೇಕೆಂದು ಅವಳು ಎಷ್ಟೋ ಸಲ ಹೇಳಿದ್ದಾಳೆ. ಆದರೆ ಇವತ್ತು ನನಗೆ ಒಂದನ್ನಾದರೂ ಕಣ್ಣ ಮುಂದೆ ತಿನ್ನಿಸಿ ಬದುಕಿಸಬೇಕು ಅನ್ನಿಸಿತು. ಬೆಂದ ಮೊಟ್ಟೆಯ ಹಳದಿ ಇತ್ತು, ಅವಳು ಬೇಡವೆಂದದ್ದು. ಕಡ್ಡಿಯ ತುದಿಯಲ್ಲಿ ತೆಗೆದು ಕೊಕ್ಕು ಬಿಡಿಸಿ ಇಟ್ಟೆ. ನುಂಗಿತು. ಇನ್ನೊಂದು ಇಟ್ಟೆ, ಅದನ್ನೂ ನುಂಗಿತು. ಐದು ಸಲ ತಿನ್ನಿಸಿದೆ. ಎಷ್ಟು ಸಂತೋಷವಾಯಿತು ಎಂದರೆ ಹಕ್ಕಿಗೆ "ಶಹಭಾಸ್" ಎಂದು ಕೂಡ ಹೇಳಿದೆ.

ಮಧ್ಯಾಹ್ನದ ಹೊತ್ತಿಗೆ ಸತ್ತುಹೋಗಿತ್ತು.

ದಾಳಿಂಬೆ ಬುಡದಲ್ಲಿ ಮಣ್ಣು ಮಾಡಿ ಬಂದೆ. ಝಾಝಿಯಾ ಎದ್ದಿದ್ದಳು. ನನ್ನ ಬೆರಳು ನೋಡಿದಳು. ಉಗುರಿನಲ್ಲಿ ಹಳದಿ ಅಂಟಿತ್ತು.

"ಯಾವುದಕ್ಕೆ ಹಾಕಿದೆ?"

"ಕೆಂಪುಬಾಲ."

"ಎಷ್ಟು ಗ್ರಾಂ ಇತ್ತು?"

"ತೂಗಲಿಲ್ಲ."

ಬಯ್ಯುತ್ತಾಳೆ ಅಂದುಕೊಂಡೆ. ಬಯ್ಯಲಿಲ್ಲ. ಪಕ್ಕದಲ್ಲಿ ಜಾಗ ಮಾಡಿ ಕೂತ್ಕೋ ಎಂದಳು. ತರಗತಿಯಲ್ಲಿ ಹಿಂದಿನ ಬೆಂಚಿನವರಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದಳು.

"ನೋಡು. ಮೊದಲು ಕೊಬ್ಬು ಸುಡುತ್ತೆ. ಅದು ಸಾಲದೆ ಬಂದ್ರೆ ಹೊಟ್ಟೆ, ಕರುಳು, ಯಕೃತ್ತು ಎಲ್ಲಾನೂ ಒಳಗೊಳಗೇ ತಿನ್ನೋಕೆ ಶುರು ಮಾಡುತ್ತೆ. ಹಾರೋವಾಗ ಕರುಳಿಗೆ ಏನು ಕೆಲಸ? ಸುಮ್ನೆ ಭಾರ. ಆಮೇಲೆ ಎದೆ ಮಾಂಸ. ಮೆದುಳು, ಶ್ವಾಸಕೋಶ ಎರಡನ್ನ ಮಾತ್ರ ಮುಟ್ಟಲ್ಲ. ಇಲ್ಲಿಗೆ ಬಂದು ಬಿದ್ದಾಗ ಅದರ ಹೊಟ್ಟೆ ಅರ್ಧ ಕರಗಿರುತ್ತೆ. ನೀನು ಹಳದಿ ಹಾಕಿದೆ. ಅದನ್ನ ಇಟ್ಕೊಳ್ಳೋಕೆ ಒಳಗೆ ಕೋಣೆನೇ ಇರ್ಲಿಲ್ಲ."

"ಹಸಿದಿತ್ತು ಅಂತ..."

"ಹಸಿದಿತ್ತು, ನಿಜ. ನೀರು, ನೆರಳು, ಸದ್ದಿಲ್ಲದ ಜಾಗ. ಇಷ್ಟು ಕೊಟ್ಟಿದ್ರೆ ಎರಡು ದಿನದಲ್ಲಿ ಹೊಟ್ಟೇನ ತಾನೇ ಮತ್ತೆ ಕಟ್ಕೊಳ್ಳೋದು."

ಕೈಯನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಹೇಳಿದಳು: "ನಂದು ಕಟ್ಕೊಳ್ಳಲ್ಲ, ತಿಜಾನಿ. ಡಾಕ್ಟರು ನಿಂಗೂ ಹೇಳಿದ್ರು. ನೀನು ಕೇಳಿಸ್ಕೊಳ್ಳಲಿಲ್ಲ."

ಗಂಡುಹೂ ಕಟ್ಟುವುದು ಬಾಕಿ ಇತ್ತು. ತೋಟದ ಅತ್ಯಂತ ಎತ್ತರದ ಮರ ಹತ್ತಿದೆ. ಅಲ್ಲಿಗೆ ಯಾರೂ ಬರುವುದಿಲ್ಲ. ಹೊತ್ತು ಇಳಿಯುವವರೆಗೆ ಅಲ್ಲೇ ಇದ್ದೆ. ಆ ಹೂವಿನ ಪುಡಿ ಕಣ್ಣಿಗೆ ಬಿದ್ದರೆ ತುಂಬ ಉರಿಯುತ್ತದೆ.


ಏಪ್ರಿಲ್ ೬, ಭಾನುವಾರ

ಹಳೆಯ ಮರವೊಂದರ ತಲೆ ಕೊಯ್ದು ಗಡಿಗೆ ಕಟ್ಟಿದ್ದೆ. ಬೆಳಗ್ಗೆ ಲಗ್ಮಿ ಇಳಿದಿತ್ತು. ಖರ್ಜೂರದ ಮರದ ರಸ, ಬಿಸಿಲೇರುವ ಮುಂಚೆ ಕುಡಿದರೆ ಜೇನಿನಂತಿರುತ್ತದೆ. ಸೋಸಿ ಅವಳ ಪಕ್ಕದಲ್ಲಿ ಇಟ್ಟೆ.

"ಯಾವ ಮರ?"

"ಒಂದು ಹಳೇದು."

"ನಿಮ್ಮಪ್ಪ ನೆಟ್ಟಿದ್ದಾ?"

"ಹೂಂ."

"ಹುಚ್ಚ. ಅದು ಇನ್ನು ಬದುಕಲ್ಲ."

"ವಯಸ್ಸಾಗಿತ್ತು."

ಬೆರಳು ಅದ್ದಿ ತುಟಿಗೆ ಸವರಿಕೊಂಡಳು. ಇನ್ನೊಮ್ಮೆ ಅದ್ದಿದಳು. ಉಳಿದದ್ದನ್ನು ನನಗೆ ಕುಡಿಯಲು ಹೇಳಿದಳು. ಕುಡಿದೆ. ನಾನು ಕುಡಿಯುವುದನ್ನು ಗಂಟಲಿನಿಂದ ಹೊಟ್ಟೆಯವರೆಗೆ ನೋಡುತ್ತಿದ್ದಳು.

ಇವತ್ತು ಕಳ್ಳಿಪೀರಗಳು ಬಂದವು. ಮೇಲೆ ತುಂಬ ಎತ್ತರದಲ್ಲಿ, ಮೊದಲು ಸದ್ದು, ಆಮೇಲೆ ಹಕ್ಕಿ. ಅವಳು ಎಣಿಸಿದಳು, ನಾನು ಬರೆದೆ. ನೂರಾ ಮೂವತ್ತು.


ಏಪ್ರಿಲ್ ೯, ಬುಧವಾರ

ನೆರೆಮನೆಯ ಸಾಲ್ಹಾ ಬಂದಿದ್ದಳು, ತಲೆಯ ಮೇಲೆ ಸಾರಿನ ಪಾತ್ರೆ. ಬಾಗಿಲಲ್ಲೇ ಶುರು ಮಾಡಿದಳು.

"ತಿಜಾನಿ, ಊರು ಏನು ಆಡ್ಕೊಳ್ತಿದೆ ಗೊತ್ತಾ? ಹೆಂಡ್ತಿಗೆ ಊಟ ಹಾಕ್ದೆ ಹಕ್ಕಿ ಹಿಡಿಯೋಕೆ ಕೂರಿಸಿದಾನೆ ಅಂತ."

ಒಳಗಿನಿಂದ ಝಾಝಿಯಾ ಕೂಗಿದಳು: "ಊರಿಗೆ ಹೇಳು ಸಾಲ್ಹಾ, ನಾನೇ ಇವನನ್ನ ಕೂರಿಸಿದೀನಿ. ಇಪ್ಪತ್ತೈದು ವರ್ಷ ಆಯ್ತು."

"ಟೀಚರಮ್ಮ, ಒಂದು ತುತ್ತು. ನನ್ನ ಮೇಲೆ ಆಣೆ. ಕುರಿಮರಿ ಸಾರು."

"ವಾಸನೆ ಚೆನ್ನಾಗಿದೆ. ಇವನಿಗೆ ಕೊಡು. ಇವನೂ ಇಳಿದುಹೋಗಿದಾನೆ, ಯಾರೂ ನೋಡಿಲ್ಲ."

ಸಾಲ್ಹಾ ಚಮಚ ಎತ್ತಿಕೊಂಡು ಮಂಚದ ಕಡೆ ಹೋದಳು. ನಾನು ಅಡ್ಡ ನಿಂತು ಪಾತ್ರೆ ಇಸಿದುಕೊಂಡೆ. ಅವಳು ನನ್ನನ್ನು ಕಟುಕನನ್ನು ನೋಡುವ ಹಾಗೆ ನೋಡಿದಳು. ಸಾರನ್ನು ನಾನು ತಿಂದೆ. ತುಂಬ ದಿನವಾಗಿತ್ತು ಬಿಸಿ ಸಾರು ತಿಂದು.

ಝಾಝಿಯಾಗೆ ಹತ್ತಿಯನ್ನು ನೀರಲ್ಲಿ ಅದ್ದಿ ತುಟಿ ಒರೆಸಿದೆ. ಹಿತವಾಗಿದೆ ಎಂದಳು. ಮತ್ತೆ ಮತ್ತೆ ಒರೆಸಿದೆ.


ಏಪ್ರಿಲ್ ೧೨, ಶನಿವಾರ

ಈ ತಾರೀಕನ್ನು ನಾನು ಮರೆತಿರಲಿಲ್ಲ. ಇಬ್ತಿಸಾಮ್‌ಗೆ ಫೋನ್ ಮಾಡಿ ಬೇಡ ಎನ್ನಬಹುದಿತ್ತು. ದಿನವೂ ನಾಳೆ ಮಾಡೋಣ ಅಂದುಕೊಂಡೆ.

ಹತ್ತು ಗಂಟೆಗೆ ಗಾಡಿ ಬಂತು. ಹಿಂದೆ ಹಾಸಿಗೆ, ದಿಂಬು, ಸಲೈನ್ ತೂಗುಹಾಕಲು ಕೊಕ್ಕೆ, ಎಲ್ಲ ಸಿದ್ಧ. ಝಾಝಿಯಾ ದಾಳಿಂಬೆಯ ಕೆಳಗೆ ಹಕ್ಕಿ ಹಿಡಿದು ರೆಕ್ಕೆ ಅಳೆಯುತ್ತಿದ್ದಳು. ಮಗಳನ್ನು ಕಂಡು ಮುಖ ಅರಳಿತು. ಆಮೇಲೆ ಗಾಡಿ ಕಂಡಳು.

"ಇದು ಯಾರಿಗೆ?"

ಇಬ್ತಿಸಾಮ್ ನನ್ನ ಕಡೆ ನೋಡಿದಳು.

"ತಿಜಾನಿ, ನಿನ್ನನ್ನ ಕೇಳ್ತಿದೀನಿ."

"ನಿಂಗೆ. ನಾನೇ ಒಪ್ಪಿದ್ದೆ. ಹದಿನೈದು ದಿನ ಆಯ್ತು."

ಅವಳು ತೂಕ ಹೇಳಿದಳು, ನಾನು ಬರೆದೆ. ಹಕ್ಕಿಯನ್ನು ಬಿಟ್ಟಳು. ಅದು ಗೋಡೆ ದಾಟುವವರೆಗೆ ನೋಡಿ, ಆಮೇಲೆ ಮಗಳ ಕಡೆ ತಿರುಗಿದಳು.

ಇಬ್ತಿಸಾಮ್ ಮಂಡಿಯೂರಿ ಕೂತಳು. "ಉಮ್ಮಿ, ಒಂದು ಸಣ್ಣ ನಳಿಗೆ ಅಷ್ಟೇ. ನಾನೇ ಪಕ್ಕದಲ್ಲಿ ಇರ್ತೀನಿ. ಶಕ್ತಿ ಬಂದ್ರೆ..."

"ಬಂದ್ರೆ ಏನಾಗುತ್ತೆ? ನೀನು ನರ್ಸು. ಹೇಳು."

"ಇನ್ನೂ ಸ್ವಲ್ಪ ದಿನ ಇರ್ತೀಯ."

"ಎಲ್ಲಿ ಇರ್ತೀನಿ?"

ಇಬ್ತಿಸಾಮ್ ಗಾಡಿಯ ಕಡೆ ನೋಡಿದಳು. "ಅಲ್ಲೇ. ವಾರ್ಡಿನಲ್ಲಿ."

"ಹಾಗಾದ್ರೆ ಅದು ಇರೋದಲ್ಲ, ಮಗಳೇ."

"ನಿಂಗೆ ಈಗ ಯೋಚನೆ ಮಾಡೋ ಶಕ್ತಿ ಇಲ್ಲ, ಉಮ್ಮಿ!"

"ಮೈಯೆಲ್ಲ ಕರಗಿದ್ರೂ ಮೆದುಳು ಕರಗಲ್ಲ. ನಿಮ್ಮಪ್ಪನ್ನ ಕೇಳು, ಮೊನ್ನೆ ತಾನೆ ಪಾಠ ಮಾಡಿದೀನಿ."

ನಗಬೇಕಾದ ಮಾತು. ನಮ್ಮಲ್ಲಿ ಯಾರೂ ನಗಲಿಲ್ಲ. ಇಬ್ತಿಸಾಮ್ ಎದ್ದು ನನ್ನ ಕಡೆ ಬಂದಳು. "ಬಾಬಾ, ಎತ್ಕೋ ಅವಳನ್ನ. ನೀನು ಎತ್ಕೊಂಡ್ರೆ ಸುಮ್ನೆ ಬರ್ತಾಳೆ."

ನಾನು ಹೋಗಿ ಬಗ್ಗಿದೆ. ಝಾಝಿಯಾ ನನ್ನ ಮುಖ ನೋಡಿದಳು, ಬೇಡ ಅನ್ನಲಿಲ್ಲ. ದಿನವೂ ಮಾಡುವ ಹಾಗೆ ಒಂದು ಕೈಯನ್ನು ನನ್ನ ಕೊರಳಿಗೆ ಹಾಕಿದಳು. ಎತ್ತಿಕೊಂಡೆ. ಚಾಲಕ ಗಾಡಿಯ ಹಿಂಬಾಗಿಲು ತೆರೆದು ನಿಂತ.

ನಾನು ಅವಳನ್ನು ಒಳಗಿನ ಕೋಣೆಗೆ ಕರೆದೊಯ್ದು ಮಲಗಿಸಿದೆ. ಏನನ್ನೋ ತೀರ್ಮಾನಿಸಿ ಮಾಡಿದ್ದಲ್ಲ. ಮಂಚದ ಮೇಲೆ ಬಿಸಿಲು ಬಂದಿತ್ತು.

ಇಬ್ತಿಸಾಮ್ ಹೊಸಿಲಲ್ಲಿ ನಿಂತು ಹೇಳಿದಳು: "ನೀನೇ ಕೊಲ್ತಿದ್ದೀಯ ಅವಳನ್ನ. ನೆನಪಿಟ್ಕೋ." ಸಂಜೆ ಗಾಡಿಯನ್ನು ಬರಿದಾಗಿಯೇ ಕಳಿಸಿದಳು. ತಾನು ಮಾತ್ರ ಉಳಿದಳು.


ಏಪ್ರಿಲ್ ೧೫, ಮಂಗಳವಾರ

ಮಗಳು ನನ್ನೊಡನೆ ಮಾತು ಬಿಟ್ಟು ಮೂರು ದಿನ. ಚಹಾ ಮಾಡಿ ಲೋಟವನ್ನು ನನ್ನ ಮುಂದೆ ಇಟ್ಟು ಹೋಗುತ್ತಾಳೆ. ನಾನು ಕುಡಿದು ಲೋಟ ತೊಳೆದಿಡುತ್ತೇನೆ. ಅಷ್ಟೇ ನಮ್ಮ ಸಂಭಾಷಣೆ.

ಝಾಝಿಯಾ ಅವಳನ್ನು ಬರೆಯಲು ಕೂರಿಸಿದ್ದಾಳೆ. ಇನ್ನು ಮುಂದೆ ತೂಕದ ಪುಟದಲ್ಲಿ ನನ್ನ ಸೊಟ್ಟ ಅಕ್ಷರ ಇರುವುದಿಲ್ಲ. ನಾನು ಬಲೆಯಿಂದ ಬಿಡಿಸಿ ತರುತ್ತೇನೆ, ಇಬ್ತಿಸಾಮ್ ಹಿಡಿಯುತ್ತಾಳೆ, ತಾಯಿ ಕಣ್ಣು ಮುಚ್ಚಿಯೇ ಹೇಳುತ್ತಾಳೆ.

"ರೆಕ್ಕೆ ತುದಿ ನೋಡು. ಉದ್ದ ಚೂಪಾಗಿದೆಯಾ?"

"ಹೂಂ."

"ದೂರ ಹೋಗೋದಕ್ಕೆ ಹಾಗಿರುತ್ತೆ. ಇಲ್ಲೇ ಇರೋ ಗುಬ್ಬಿಗೆ ಮೊಂಡಾಗಿರುತ್ತೆ. ಈಗ ಎದೆ ಮೇಲೆ ಬೆರಳಿಡು. ಮೆತ್ತಗೆ. ಗುಂಡಿಗೆ ಗೊತ್ತಾಗುತ್ತಾ?"

"ಎಣಿಸೋಕೇ ಆಗಲ್ಲ, ಉಮ್ಮಿ. ಒಂದೇ ಸಮನೆ ಹೊಡ್ಕೊಳ್ತಿದೆ."

"ಅದರ ಮೈಗೆ ಅಷ್ಟು ದೊಡ್ಡ ಗುಂಡಿಗೆ."

ಇಬ್ತಿಸಾಮ್ ಹಕ್ಕಿ ಹಿಡಿದುಕೊಂಡೇ ತುಂಬ ಹೊತ್ತು ಕೂತಿದ್ದಳು. ಬಿಡು, ಬಿಡು, ತಡವಾಗುತ್ತೆ ಎಂದು ತಾಯಿ ಹೇಳಬೇಕಾಯಿತು.


ಏಪ್ರಿಲ್ ೧೮, ಶುಕ್ರವಾರ

ನೋವು ಶುರುವಾಗಿದೆ. ಇಬ್ತಿಸಾಮ್ ಹತ್ತಿರದ ಕೆಬಿಲಿ ಪಟ್ಟಣಕ್ಕೆ ಹೋಗಿ ಡಾಕ್ಟರ ಹತ್ತಿರ ಬರೆಸಿಕೊಂಡು ಮಾರ್ಫಿನ್ ತಂದಳು. ಸೂಜಿ ಹಾಕುವಾಗ ಅವಳ ಕೈ ತಾಯಿ ಹಕ್ಕಿ ಹಿಡಿಯುವ ಹಾಗೆಯೇ ಇತ್ತು.

"ನೋವಾಯ್ತಾ, ಉಮ್ಮಿ?"

"ನೀನು ಹಾಕಿದ್ದೇ ಗೊತ್ತಾಗ್ಲಿಲ್ಲ."

ಇಬ್ತಿಸಾಮ್ ಹೊರಗೆ ಬಂದು ಗೋಡೆಗೆ ಒರಗಿ ಅತ್ತಳು. ನಾನು ಪಕ್ಕದಲ್ಲಿ ನಿಂತೆ. ಎಷ್ಟೋ ಹೊತ್ತಿನ ಮೇಲೆ, "ಬಾಬಾ, ಸ್ಫಾಕ್ಸ್‌ನಲ್ಲಿ ದಿನಾ ಇದನ್ನೇ ಮಾಡ್ತೀನಿ," ಎಂದಳು. "ಬೇರೆಯವರ ಅಮ್ಮಂದಿರಿಗೆ ನಳಿಗೆ ಹಾಕ್ತೀನಿ. ಅವರು ಕಿತ್ತು ಹಾಕ್ತಾರೆ ಅಂತ ಕೈ ಕಟ್ತೀನಿ. ಗೊತ್ತಿದ್ದೂ ಕರ್ಕೊಂಡು ಹೋಗೋಕೆ ಬಂದೆ."

"ನಾನೂ ಒಪ್ಪಿದ್ದೆನಲ್ಲ."

"ನೀನ್ಯಾಕೆ ಬದಲಾದೆ?"

ಬದಲಾದೆನೆ? ಬಿಸಿಲು ಬಂದಿತ್ತು ಎಂದೆ. ಅವಳು ನನ್ನನ್ನು ನೋಡಿ, ಮೂಗು ಒರೆಸಿಕೊಂಡು ಒಳಗೆ ಹೋದಳು.


ಏಪ್ರಿಲ್ ೨೧, ಸೋಮವಾರ

ಝಾಝಿಯಾ ಬಲೆ ಬಿಚ್ಚಲು ಹೇಳಿದಳು. ಹಕ್ಕಿ ಇನ್ನೂ ಬರುತ್ತಿವೆ, ತಿಂಗಳ ಕೊನೆಗೆ ಹೊನ್ನಕ್ಕಿ ಬರುತ್ತದೆ ಎಂದೆ.

"ಬರ್ಲಿ. ಎಣಿಸಿದ್ದು ಸಾಕು."

ಮಡಚಿ ಪೆಟ್ಟಿಗೆಯಲ್ಲಿಟ್ಟೆ. ಇಡೀ ದಿನ ಮಂಚದ ಪಕ್ಕ ಕೂತಿದ್ದೆ. ಅವಳು ಮಲಗುತ್ತಾಳೆ, ಏಳುತ್ತಾಳೆ, ನಾನಿದ್ದೇನಾ ಎಂದು ನೋಡುತ್ತಾಳೆ, ಮತ್ತೆ ಮಲಗುತ್ತಾಳೆ. ಒಮ್ಮೆ ಎದ್ದು, "ಕಂಬ ನೆಟ್ಟಗಿತ್ತು" ಎಂದಳು. ಯಾವ ಕಂಬ ಎಂದೆ. ಅಷ್ಟರಲ್ಲಿ ಮತ್ತೆ ನಿದ್ದೆ ಹೋಗಿದ್ದಳು. ಆಮೇಲೆ ನನಗೂ ಕೂತಲ್ಲೇ ಜೋಂಪು ಹತ್ತಿತು. ಎಚ್ಚರವಾದಾಗ ಅವಳ ಕೈ ನನ್ನ ತಲೆಯ ಮೇಲಿತ್ತು.

ತೋಟಕ್ಕೆ ಹೋಗಲಿಲ್ಲ. ಕೊನೆಯ ಎಂಟು ಮರಗಳಿಗೆ ಹೂ ಕಟ್ಟಿಲ್ಲ. ಈ ವರ್ಷ ಅವು ಕಾಯಿ ಬಿಡುವುದಿಲ್ಲ.


ಏಪ್ರಿಲ್ ೨೪, ಗುರುವಾರ

ಬೆಳಗ್ಗೆ ಹೋದಳು.


ಏಪ್ರಿಲ್ ೨೮, ಸೋಮವಾರ

ಮೂರನೇ ದಿನದ ಪ್ರಾರ್ಥನೆ ಮುಗಿದು ಜನ ಚದುರಿದ್ದಾರೆ. ಬರೆಯುವುದು ಬೇಡ ಎಂದಿದ್ದೆ. ಆದರೆ ಒಂದನ್ನು ಬರೆಯಬೇಕು.

ಉಸಿರು ನಿಂತಾಗ ನಾನೂ ಇಬ್ತಿಸಾಮೂ ಎರಡೂ ಬದಿಗಿದ್ದೆವು. ಬೆಳಕು ಹರಿದು ಸ್ವಲ್ಪ ಹೊತ್ತಾಗಿತ್ತು. ಕೊನೆಯ ಎರಡು ಉಸಿರಿನ ನಡುವೆ ಎಷ್ಟು ಅಂತರವಿತ್ತೆಂದರೆ ಮುಗಿಯಿತು ಅಂದುಕೊಂಡು ನಾನು ಕಣ್ಣು ಮುಚ್ಚಿಸಲು ಕೈ ಎತ್ತಿದ್ದೆ, ಆಗ ಇನ್ನೊಂದು ಬಂತು. ಅದರ ನಂತರ ಬರಲಿಲ್ಲ. ಇಬ್ತಿಸಾಮ್ ತಾಯಿಯ ನಾಡಿಯನ್ನು ಬಿಡದೆ ಹಿಡಿದುಕೊಂಡಿದ್ದಳು.

ಸಾಲ್ಹಾ ಹೆಂಗಸರನ್ನು ಕರೆತಂದಳು. ನೀರು ಕಾಯಿಸಿದರು, ಅದಕ್ಕೆ ಹಾಕಲು ಬೋರೆ ಎಲೆ ಪುಡಿ ಮಾಡಿದರು, ಬಿಳಿ ಬಟ್ಟೆ ಹರಿದರು. ನನ್ನನ್ನು ಹೊರಗೆ ಹೋಗಲು ಹೇಳಿದರು. ಸತ್ತ ಹೆಂಗಸನ್ನು ಹೆಂಗಸರೇ ತೊಳೆಯುವುದು ನಮ್ಮ ಊರಿನ ರೂಢಿ.

"ನಾನು ತೊಳೀತೀನಿ," ಎಂದೆ.

"ಏನಂದೆ?" ಎಂದಳು ಸಾಲ್ಹಾ.

"ನನ್ನ ಹೆಂಡ್ತಿ. ನಾನೇ ತೊಳೀತೀನಿ."

"ಅಯ್ಯೋ, ಗಂಡಸರು ಮಾಡೋದಾ ಇದು! ನಾಚಿಕೆ ಆಗಲ್ವಾ ನಿಂಗೆ? ಊರು ಏನನ್ನುತ್ತೆ?"

ಹೊರಗೆ ಕೂತಿದ್ದ ಇಮಾಮರನ್ನು ಕೇಳಲು ಒಬ್ಬಳು ಓಡಿದಳು. ಅವರು ಬಾಗಿಲ ಹತ್ತಿರ ಬಂದು ಗೋಡೆಯ ಕಡೆ ಮುಖ ಮಾಡಿ ನಿಂತರು. "ನಮ್ಮ ಧರ್ಮಶಾಸ್ತ್ರದಲ್ಲಿ ಗಂಡನಿಗೇ ಮೊದಲ ಹಕ್ಕು," ಎಂದರು. "ಅವನು ಕೇಳಿದ್ರೆ ಇಲ್ಲ ಅನ್ನೋಕಾಗಲ್ಲ. ಯಾರೂ ಕೇಳಲ್ಲ, ಅಷ್ಟೇ."

ಹೆಂಗಸರು ಒಬ್ಬೊಬ್ಬರಾಗಿ ಹೊರಗೆ ಹೋದರು. ಕೊನೆಗೆ ಸಾಲ್ಹಾ ಹೋದಳು. ಹೋಗುವಾಗ ಕರ್ಪೂರ ಎಲ್ಲಿದೆ, ಬಲಗಡೆಯಿಂದ ಶುರು ಮಾಡಬೇಕು, ಮೂರು ಸಲ, ಎಂದು ಪಿಸುಗುಟ್ಟಿ ನನ್ನ ಭುಜ ಮುಟ್ಟಿದಳು.

ಇಬ್ತಿಸಾಮ್ ಹೋಗಲಿಲ್ಲ. ಬಾಗಿಲು ಹಾಕಿಕೊಂಡು ಬಂದು ತೋಳು ಮಡಚಿದಳು.

"ನಾನು ನೀರು ಹೊಯ್ತೀನಿ, ಬಾಬಾ."

ಬಟ್ಟೆ ಹೊದಿಸಿ, ಬಟ್ಟೆಯ ಕೆಳಗಿನಿಂದಲೇ ತೊಳೆದೆ. ಬಲಗೈ ಮೊದಲು. ಬೆರಳುಗಳಲ್ಲಿ ಕಳಿಂಗ ಹಕ್ಕಿ ಕಚ್ಚಿದ ಹಳೆಯ ಗಾಯಗಳ ಗುರುತು, ಎಷ್ಟೋ ವರ್ಷದವು. ಆಮೇಲೆ ತೋಳು, ಹೆಗಲು. ಸ್ಫಾಕ್ಸ್‌ನಲ್ಲಿ ಹೊಲಿದ ಜಾಗ ಗಂಟು ಗಂಟಾಗಿತ್ತು, ಅಲ್ಲಿ ಕೈ ತಾನಾಗಿ ಮೆಲ್ಲಗಾಯಿತು. ಇಬ್ತಿಸಾಮ್ ಚೊಂಬಿನಿಂದ ಸಣ್ಣಗೆ, ಒಂದೇ ಧಾರೆಯಲ್ಲಿ ಹೊಯ್ಯುತ್ತಿದ್ದಳು. ಎಡಗಡೆ ತಿರುಗಿಸಲು ಅವಳೂ ಕೈ ಕೊಟ್ಟಳು. ಕೂದಲು ಬಿಚ್ಚಿ ತೊಳೆದು ಮೂರು ಜಡೆ ಹೆಣೆದಳು. ನನಗೆ ಹೆಣೆಯಲು ಬರುವುದಿಲ್ಲ.

ಎರಡನೇ ಸಲಕ್ಕೆ ಒಲೆಯ ಮೇಲಿನ ಹಂಡೆಯಿಂದ ಹೊಸ ನೀರು ತಂದಳು. ಹೊಯ್ಯುವ ಮುಂಚೆ ತಡೆದು ನಿಂತಳು.

"ಬಾಬಾ, ಬಿಸಿ ಜಾಸ್ತಿ ಆಯ್ತಾ?"

ನಾನು ಮುಂಗೈ ಅದ್ದಿ ನೋಡಿದೆ.

"ಸ್ವಲ್ಪ ತಣ್ಣೀರು ಬೆರೆಸು," ಎಂದೆ.

ಬೆರೆಸಿದಳು.